ಗಾಳಿ ಬಂದಾಗೆಲ್ಲ ಬೀಳ್ತಿದ್ದ ಫೈಬರ್ ಲಿಂಕ್: ಪ್ಯಾಚ್ ಕಾರ್ಡ್ ಡಬ್ಬದಿಂದ ಕಂಬದ ಮೇಲಿನ ಜಾಯಿಂಟ್ ತನಕ

ಮೂಡಿಗೆರೆ ಪೇಟೆ ಆಫೀಸಿಂದ ಗೋಣಿಬೀಡು ಕಡೆ ತೋಟಗಳ ಮಧ್ಯ ಇರೋ ನಮ್ಮ ಚಿಕ್ಕ ರ‍್ಯಾಕ್ ರೂಮಿಗೆ ಒಂದು ಇಂಟರ್ನೆಟ್ ಲಿಂಕ್ ಇದೆ, ಕಂಬದಿಂದ ಕಂಬಕ್ಕೆ ಎಳೆದ ಆರು ಕೋರಿನ (ಒಂದೊಂದು ಕೋರ್ ಅಂದ್ರೆ ಒಂದೊಂದು ಗಾಜಿನ ಎಳೆ) ಏರಿಯಲ್ ಕೇಬಲ್, ಅದ್ರಲ್ಲಿ ನೀಲಿ ಕೋರ್ ಒಂದ್ರಲ್ಲೇ ಎಲ್ಲಾ ಟ್ರಾಫಿಕ್ ಹೋಗತ್ತೆ. ಆರಿದ್ರಾ ಮಳೆ ಹಿಡಿದಾಗಿಂದ ಗಾಳಿ ಜೋರಾದಾಗೆಲ್ಲ ಈ ಲಿಂಕ್ ಬೀಳೋದು, ಸ್ವಲ್ಪ ಹೊತ್ತಿಗೆ ತಾನೇ ಎದ್ದೇಳೋದು, ಮತ್ತೆ ಬೀಳೋದು. ಆ ಕಡೆ ಹೋಂಸ್ಟೇಗಳಿವೆ, ಒಂದು ಸ್ಕೂಲಿದೆ, ತೋಟದ ಮನೆಗಳಿವೆ, ಮನೇಲಿ ಕೂತು ಬೆಂಗಳೂರು ಕಂಪನಿ ಕೆಲ್ಸ ಮಾಡೋ ಹುಡುಗ್ರು ಹುಡುಗೀರು ಇದ್ದಾರೆ. ಅವರಿಗೆ ಹತ್ತು ಸೆಕೆಂಡ್ ಲಿಂಕ್ ಹೋದ್ರೂ ಮೀಟಿಂಗ್ ಕಟ್. ಮೊಬೈಲ್ ಸಿಗ್ನಲ್ ನೆಟ್ಟಗೆ ಸಿಗದ ಜಾಗ ಅದು, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯುಪಿಎಸ್ ಮೇಲೆ ಓಡೋ ಈ ಫೈಬರ್ ಒಂದೇ ಅವ್ರಿಗೆ ಹೊರಗಿನ ಸಂಪರ್ಕ, ಹಾಗಾಗಿ ಇದನ್ನ ಬುಡದಿಂದ ನೋಡ್ಲೇಬೇಕು ಅಂತ ಕೂತ್ವಿ.

ಕೇಳಿದೋರೆಲ್ಲ ಹೇಳಿದ್ದು ಒಂದೇ, "ಕೇಬಲ್ ಹಳೇದಾಯ್ತು ಅಣ್ಣ, ಮಧ್ಯ ಒಂದು ಡ್ರಮ್ ಹೊಸಾದು ಎಳ್ದುಬಿಡಿ." ಒಂದು ಡ್ರಮ್ ಅಂದ್ರೆ ಎರಡು ಕಿಲೋಮೀಟರ್ ಕೇಬಲ್, ಎಳೆಯೋ ಜನ, ಕಂಬ ಹತ್ತೋಕೆ ಮೆಸ್ಕಾಂ ಲೈನ್ ಆಫ್ ಮಾಡಿಸೋದು, ಅದೂ ಈ ಮಳೇಲಿ. ನನಗೆ ಇದು ಒಪ್ಪಿಗೆ ಆಗ್ಲಿಲ್ಲ, ಯಾಕಂದ್ರೆ ಯಾರೂ ಅಳೆದು ಹೇಳಿದ ಮಾತಲ್ಲ ಅದು. ಒಳಗಿನ ಗಾಜು ಸುಮ್ನೆ ವಯಸ್ಸಾಗಿ ಕೆಡೋದು ಬಹಳ ಅಪರೂಪ, ಲಾಸ್, ಅಂದ್ರೆ ಬೆಳಕು ಕಮ್ಮಿ ಆಗೋದು, ಹೆಚ್ಚಾಗಿ ತುದಿಗಳಲ್ಲಿ, ಜಾಯಿಂಟಲ್ಲಿ, ಬೆಂಡಲ್ಲಿ. ಅದ್ರಲ್ಲೂ ತುದಿಯಲ್ಲಿರೋ ಒಂದು ಮೀಟರಿನ ಹಳದಿ ಪ್ಯಾಚ್ ಕಾರ್ಡನ್ನ, ಅಂದ್ರೆ ಕೇಬಲ್ ತುದಿಯಿಂದ ನೆಟ್‌ವರ್ಕ್ ಸ್ವಿಚ್ಚಿಗೆ ಹಾಕೋ ಚಿಕ್ಕ ಫೈಬರನ್ನ, ಯಾರೂ ಅನುಮಾನಿಸೋದೇ ಇಲ್ಲ.

ಮೊದಲ ಸುಳಿವು ಸ್ವಿಚ್ಚಲ್ಲೇ ಇತ್ತು. ನಮ್ಮದು ಸಿಂಗಲ್ ಕೋರ್ ಎಸ್‌ಎಫ್‌ಪಿ (ಸ್ವಿಚ್ಚಿಗೆ ಸಿಕ್ಕಿಸೋ, ಬೆಳಕು ಕಳಿಸಿ ಹಿಡಿಯೋ ಮಾಡ್ಯೂಲ್), 20 ಕಿಲೋಮೀಟರಿಂದು, ಆಫೀಸ್ ಕಡೆಯದು 1550 ನ್ಯಾನೋಮೀಟರ್ ವೇವ್‌ಲೆಂತ್ (ಬೆಳಕಿನ ತರಂಗದ ಉದ್ದ) ಅಲ್ಲಿ ಕಳಿಸತ್ತೆ, ತೋಟದ ಕಡೆಯದು 1310ರಲ್ಲಿ ಕಳಿಸತ್ತೆ, ಎರಡೂ ಬೆಳಕು ಒಂದೇ ಎಳೆಯಲ್ಲಿ ಎದುರುಬದುರು ಓಡತ್ತೆ. ಎರಡೂ ಕಡೆ ಬಂದು ಸೇರೋ ಪವರ್ ನೋಡಿದ್ರೆ ಆಫೀಸಲ್ಲಿ ಮೈನಸ್ 14 ಡಿಬಿಎಂ ಹತ್ರ, ತೋಟದ ಕಡೆ ಮೈನಸ್ 20 ಹತ್ರ, ಗಾಳಿ ಬೀಸಿದಾಗ ತೋಟದ ಕಡೆಯದು ಮಾತ್ರ ಮೈನಸ್ 23, 24ಕ್ಕೆ ಜಾರತ್ತೆ, ಆಫೀಸ್ ಕಡೆಯದು ಹೆಚ್ಚುಕಮ್ಮಿ ಅಲ್ಲಾಡೋದೇ ಇಲ್ಲ. ಮಾಡ್ಯೂಲ್ ಮೇಲೆ ಬರೆದಿರೋ ಸೆನ್ಸಿಟಿವಿಟಿ, ಅಂದ್ರೆ ಅದು ಹಿಡಿಯೋ ಅತಿ ಕಮ್ಮಿ ಬೆಳಕು, ಮೈನಸ್ 23. ಅಲ್ಲಿಗೆ ಲಿಂಕ್ ಯಾಕೆ ಬೀಳತ್ತೆ ಅನ್ನೋದು ಗೊತ್ತಾಯ್ತು, ಎಲ್ಲಿ ಬೀಳತ್ತೆ ಅನ್ನೋದು ಹುಡುಕಬೇಕು.

ಈ ನಂಬರ್ ಓದೋದು ಹೊಸಬರಿಗೆ ಕಷ್ಟ ಅನ್ಸತ್ತೆ, ಹಾಗಿಲ್ಲ. 0 ಡಿಬಿಎಂ ಅಂದ್ರೆ 1 ಮಿಲಿವ್ಯಾಟ್, 3 ಡಿಬಿ ಇಳಿದ್ರೆ ಪವರ್ ಅರ್ಧ ಆಗತ್ತೆ, 10 ಡಿಬಿ ಇಳಿದ್ರೆ ಹತ್ತರಲ್ಲಿ ಒಂದು ಭಾಗ. ಮೈನಸ್ 20 ಅಂದ್ರೆ ಮಿಲಿವ್ಯಾಟಿನ ನೂರನೇ ಒಂದು ಭಾಗ ಬೆಳಕು ಅಷ್ಟೇ ಸಿಗ್ತಿದೆ ಅಂತ. ಡಿಬಿಎಂ ಅನ್ನೋದು ಪವರ್ ಎಷ್ಟಿದೆ ಅನ್ನೋದಕ್ಕೆ, ಡಿಬಿ ಅನ್ನೋದು ಎಷ್ಟು ಕಮ್ಮಿ ಆಯ್ತು ಅನ್ನೋದಕ್ಕೆ, ಇವೆರಡನ್ನ ಬೆರೆಸಿ ಮಾತಾಡಿದ್ರೆ ಫೋನಲ್ಲಿ ರೀಡಿಂಗ್ ಹೇಳೋವಾಗ ದೊಡ್ಡ ಗೊಂದಲ ಆಗತ್ತೆ.

ಈಗ ಮುಖ್ಯ ವಿಷ್ಯ. ಆರೋಗ್ಯವಾಗಿರೋ ಫೈಬರಲ್ಲಿ 1550 ಬೆಳಕು 1310ಕ್ಕಿಂತ ಚೆನ್ನಾಗಿ ಹೋಗತ್ತೆ. ನಮ್ಮ ಮಾಮೂಲಿ ಜಿ.652ಡಿ ಫೈಬರಲ್ಲಿ 1310ಕ್ಕೆ ಕಿಲೋಮೀಟರಿಗೆ 0.35 ಡಿಬಿ ಲೆಕ್ಕ ಹಿಡೀತೀವಿ, 1550ಕ್ಕೆ 0.22. ಅಂದ್ರೆ ತೋಟದ ಕಡೆಗೆ ಜಾಸ್ತಿ ಪವರ್ ಬರಬೇಕಿತ್ತು, ಇಲ್ಲಿ ಉಲ್ಟಾ ಆಗಿದೆ. 1550 ಉದ್ದ ತರಂಗ, ಫೈಬರ್ ಎಲ್ಲಾದ್ರೂ ಬಿಗಿಯಾಗಿ ಬಾಗಿದ್ರೆ ಅದು ಎಳೆಯ ನಡುವಿನ ದಾರಿ ಬಿಟ್ಟು ಹೊರಗೆ ಸೋರತ್ತೆ, 1310 ಅದೇ ಬೆಂಡಲ್ಲಿ ಹೆಚ್ಚು ತೊಂದ್ರೆ ಇಲ್ದೆ ದಾಟ್ಕೊಂಡು ಹೋಗತ್ತೆ. ಹಾಗಾಗಿ 1550 ಕೆಟ್ಟು 1310 ಚೆನ್ನಾಗಿದ್ರೆ ಬೆಂಡ್ ಹುಡುಕಬೇಕು, ಎರಡೂ ಒಂದೇ ಸಮ ಕೆಟ್ಟಿದ್ರೆ ಕನೆಕ್ಟರ್, ಕೊಳೆ, ಕೆಟ್ಟ ಜಾಯಿಂಟ್ ಹುಡುಕಬೇಕು. ನಮ್ಮ ಲಿಂಕಲ್ಲಿ ಎರಡೂ ಇದ್ದ ಹಾಗೆ ಕಾಣ್ತು, ಯಾಕಂದ್ರೆ 1310 ಕೂಡ ಇರಬೇಕಾದ್ದಕ್ಕಿಂತ ಕಮ್ಮಿ ಇತ್ತು.

ಇರಬೇಕಾದ್ದು ಎಷ್ಟು ಅಂತ ಕಾಗದದ ಮೇಲೆ ಲೆಕ್ಕ ಹಾಕಿ ಇಟ್ಕೊಂಡೆ. ಫೈಬರ್ ಉದ್ದ 8.6 ಕಿಲೋಮೀಟರ್, 1310ರಲ್ಲಿ 3.0 ಡಿಬಿ, 1550ರಲ್ಲಿ 1.9. ದಾರೀಲಿ ನಾಲ್ಕು ಜಾಯಿಂಟ್, ಎರಡು ತುದಿಯಲ್ಲಿ ಪಿಗ್‌ಟೇಲ್ (ಒಂದು ಕಡೆ ಪ್ಲಗ್ ಇರೋ ಚಿಕ್ಕ ಫೈಬರ್) ಜಾಯಿಂಟ್ ಎರಡು, ಒಂದೊಂದಕ್ಕೆ 0.05 ಅಂದ್ರೆ 0.3. ಎರಡು ಎಫ್‌ಎಂಎಸ್ (ಕೇಬಲ್ ಬಂದು ಮುಗಿಯೋ ಡಬ್ಬ) ಅಡಾಪ್ಟರ್, ಅಂದ್ರೆ ಎರಡು ಪ್ಲಗ್ ಎದುರುಬದುರು ಕೂರೋ ಜಾಗ, ತಲಾ 0.3. ಒಟ್ಟು 1310ರಲ್ಲಿ 3.9, 1550ರಲ್ಲಿ 2.8. ಈ ಲೆಕ್ಕ ಮಾಡೋವಾಗೆಲ್ಲ ನನಗೆ ಚಾರ್ಲ್ಸ್ ಕಾವ್ ನೆನಪಾಗ್ತಾರೆ, 1966ರಲ್ಲಿ ಅವರು ಕಿಲೋಮೀಟರಿಗೆ 20 ಡಿಬಿ ಒಳಗೆ ತಂದ್ರೆ ಗಾಜಿನ ಎಳೇಲಿ ದೂರಸಂಪರ್ಕ ಸಾಧ್ಯ ಅಂದಾಗ ಆಗಿನ ಗಾಜಿಗೆ ಅದೇ ಬಹಳ ದೂರದ ಗುರಿ, 1970ರಲ್ಲಿ ಕಾರ್ನಿಂಗ್ ಕಂಪನಿಯೋರು ಆ ಗೆರೆ ದಾಟಿದ್ರು, ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇವತ್ತು ನಮ್ಮ ತೋಟದ ಕಂಬದ ಮೇಲೆ ನೇತಾಡ್ತಿರೋ ಎಳೇಲಿ ಎಂಟೂವರೆ ಕಿಲೋಮೀಟರಿಗೆ 2 ಡಿಬಿ ಕೂಡ ಹೋಗಲ್ಲ. ಇಷ್ಟು ಒಳ್ಳೇ ಗಾಜಿನ ಮೇಲೆ ಅಳತೆ ಇಲ್ದೆ ತಪ್ಪು ಹೊರಿಸೋದು ನನಗೆ ಸರಿ ಕಾಣಲ್ಲ.

ಲಿಂಕ್ ಮುಟ್ಟೋ ಮುಂಚೆ ಪ್ಯಾಚ್ ಕಾರ್ಡ್ ಡಬ್ಬ ತೆಗ್ದೆ. ಅಳೆಯೋಕೆ ಬಳಸೋ ಕಾರ್ಡೇ ಸರಿ ಇಲ್ದಿದ್ರೆ ಮುಂದಿನ ಒಂದು ನಂಬರನ್ನೂ ನಂಬೋಕಾಗಲ್ಲ. ಆಫೀಸಲ್ಲಿದ್ದ ಎಲ್ಲಾ ಹಳದಿ ಕಾರ್ಡ್‌ಗಳನ್ನ ಟೇಬಲ್ ಮೇಲೆ ಸುರಿದ್ವಿ, ಕೆಲವಕ್ಕೆ ಕ್ಯಾಪ್ ಇಲ್ಲ, ಕೆಲವು ರಬ್ಬರ್ ಬ್ಯಾಂಡ್ ಹಾಕಿ ಬಿಗಿಯಾಗಿ ಸುತ್ತಿದ್ದು. ನಮ್ ಹುಡುಗ ಎಲ್ಲದಕ್ಕೂ ಕೆಂಪು ಪೆನ್ ಲೇಸರ್ ಹಾಕಿ "ಅಣ್ಣ, ಎಲ್ಲದ್ರಲ್ಲೂ ಬೆಳಕು ಬರ್ತಿದೆ, ಎಲ್ಲಾ ಓಕೆ" ಅಂದ. ಇದು ಎಲ್ಲಾ ಕಡೆ ನಡೆಯೋ ಟೆಸ್ಟು. ಕೆಂಪು ಬೆಳಕು 650 ನ್ಯಾನೋಮೀಟರ್ ಆಸುಪಾಸಿಂದು, ಅದು ಈ ತುದಿಯಿಂದ ಆ ತುದಿಗೆ ಎಳೆ ಕಟ್ ಆಗಿಲ್ಲ ಅಂತ ಹೇಳತ್ತೆ, ಯಾವ ತುದಿ ಯಾವುದು ಅಂತ ಗುರ್ತಿಸೋಕೆ ಉಪಯೋಗ, ಪ್ಲಗ್ ಹತ್ರ ಒಡೆದಿದ್ರೆ ಅಲ್ಲಿ ಕೆಂಪಗೆ ಹೊಳೆಯತ್ತೆ. ಲಾಸ್ ಎಷ್ಟು ಅಂತ ಅದು ಹೇಳಲ್ಲ. ಕಣ್ಣಿಗೆ ಪಳಪಳ ಕಾಣೋ ಕಾರ್ಡ್ 1550ರಲ್ಲಿ 2 ಡಿಬಿ ನುಂಗ್ತಿರಬಹುದು.

ಹಾಗಾಗಿ ಬೆಳಕು ಕಳಿಸೋ ಲೈಟ್ ಸೋರ್ಸ್, ಬಂದ ಬೆಳಕು ಅಳೆಯೋ ಪವರ್ ಮೀಟರ್ ಎರಡನ್ನೂ ಆನ್ ಮಾಡಿ ಕಾಲು ಗಂಟೆ ಬಿಟ್ವಿ. ಆನ್ ಮಾಡಿದ ತಕ್ಷಣ ಲೇಸರ್ ಪವರ್ ಸ್ವಲ್ಪ ಸ್ವಲ್ಪ ಸರೀತಿರತ್ತೆ, ಬಿಸಿ ಆಗಿ ನಿಂತ ಮೇಲೆ ಅಳೀಬೇಕು. ಆಮೇಲೆ ರೆಫರೆನ್ಸ್ ಕಾರ್ಡ್. ಇದೊಂದನ್ನ ಬೇರೆ ಜಿಪ್ ಪೌಚಲ್ಲಿ ಇಟ್ಟಿರ್ತೀನಿ, ಯಾವ ರ‍್ಯಾಕಿಗೂ ಹಾಕಲ್ಲ. ಅದನ್ನ ಸೋರ್ಸಿಂದ ನೇರ ಮೀಟರಿಗೆ ಕೊಟ್ಟು 1310ರಲ್ಲಿ ರೆಫ್ ಬಟನ್ ಒತ್ತಿ 0.00 ಮಾಡ್ದೆ, 1550ಕ್ಕೂ ಹಾಗೇ. ಕಾಫಿ ಮೂಟೆ ತೂಗೋವಾಗ ಖಾಲಿ ಗೋಣಿಚೀಲದ ತೂಕ ಕಳೆಯೋ ಹಾಗೆ ಇದು. ಇಲ್ಲಿಂದ ಮುಂದೆ ಒಂದು ನಿಯಮ: ರೆಫರೆನ್ಸ್ ಕಾರ್ಡಿನ ಸೋರ್ಸ್ ಕಡೆ ತುದೀನ ಬಿಚ್ಚಬಾರದು. ಬಿಚ್ಚಿ ಮತ್ತೆ ಹಾಕಿದ್ರೆ ಒಳಗೆ ಹೋಗೋ ಪವರ್ರೇ ಬದಲಾಗತ್ತೆ, ಆಗ ಸೊನ್ನೆ ಸೊನ್ನೆ ಅಲ್ಲ, ಮತ್ತೆ ರೆಫ್ ಮಾಡ್ಬೇಕು. ಮೀಟರ್ ಕಡೆ ಬಿಚ್ಚೋದಕ್ಕೆ ತೊಂದ್ರೆ ಇಲ್ಲ, ಅದರ ಡಿಟೆಕ್ಟರ್ ದೊಡ್ಡದು, ಬರೋ ಬೆಳಕನ್ನೆಲ್ಲ ಹಿಡ್ಕೊಳತ್ತೆ. ಮೀಟರ್ ಕಡೆ ಬಿಚ್ಚಿ, ಮಧ್ಯ ಒಂದು ಒಳ್ಳೇ ಅಡಾಪ್ಟರ್ ಹಾಕಿ, ಟೆಸ್ಟ್ ಮಾಡೋ ಕಾರ್ಡನ್ನ ಸೇರಿಸಿ, ಅದರ ಆ ತುದಿಯನ್ನ ಮೀಟರಿಗೆ. ಈಗ ಬರೋ ನಂಬರ್ ಆ ಕಾರ್ಡಿಂದು. ಹೀಗೆ ಅಳೆದಾಗ ಅಡಾಪ್ಟರಿಗೆ ಸಿಕ್ಕಿರೋ ಪ್ಲಗ್ಗಿನ ಗುಣ ಮಾತ್ರ ಕಾಣೋದು, ಮೀಟರ್ ಕಡೆ ಪ್ಲಗ್ ಸರಿಯಾಗಿ ಕಾಣಲ್ಲ, ಆದ್ರಿಂದ ಕಾರ್ಡನ್ನ ತಿರುಗಿಸಿ ಇನ್ನೊಂದು ತುದಿಯಿಂದಲೂ ಅಳೀಬೇಕು. ಇದನ್ನ ಬಿಡೋರೇ ಜಾಸ್ತಿ.

0.3 ಒಳಗೆ ಬಂದಿದ್ದು ಒಳ್ಳೇ ಗುಂಪಿಗೆ, 0.5 ದಾಟಿದ್ದನ್ನ ಕ್ಲೀನ್ ಮಾಡಿ ಮತ್ತೆ ನೋಡೋದು ಅಂತ ಇಟ್ಕೊಂಡ್ವಿ. ಮೊದಲ ಸುತ್ತಲ್ಲಿ ಅರ್ಧಕ್ಕರ್ಧ ಕಾರ್ಡ್ ಫೇಲ್. ಯುಎಸ್‌ಬಿ ಮೈಕ್ರೋಸ್ಕೋಪಲ್ಲಿ ತುದಿ ನೋಡಿದ್ರೆ ಕಾರಣ ಎದುರಿಗೇ ಇತ್ತು, ಎಣ್ಣೆ ಕಲೆ, ಬೆರಳಿನ ಜಿಡ್ಡು, ನೀರು ಒಣಗಿದ ಉಂಗುರ. ಸಿಂಗಲ್ ಮೋಡ್ ಫೈಬರಲ್ಲಿ ಬೆಳಕು ಹೋಗೋ ದಾರಿ ಸುಮಾರು 9 ಮೈಕ್ರಾನ್, ಹೊರಗಿನ ಗಾಜು 125 ಮೈಕ್ರಾನ್, ಅಂದ್ರೆ ಬರಿಗಣ್ಣಿಗೆ ಕಾಣದ ಒಂದು ಕಣ ಆ ದಾರಿಗೆ ಅಡ್ಡ ಕೂತ್ರೆ ಸಾಕು. ಕ್ಯಾಪ್ ಹಾಕಿಟ್ಟಿದ್ದ ಕಾರ್ಡ್ ಕೂಡ ಕೊಳೆ ಆಗಿತ್ತು, ಆ ಪ್ಲಾಸ್ಟಿಕ್ ಕ್ಯಾಪ್ ಒಳಗಿನ ಜಿಡ್ಡು, ಧೂಳು ತುದಿಗೆ ಅಂಟತ್ತೆ, ಕ್ಯಾಪ್ ಇರೋದು ಗೀರು ಬೀಳ್ದೆ ಇರ್ಲಿ ಅಂತ, ಕ್ಲೀನಾಗಿರ್ಲಿ ಅಂತ ಅಲ್ಲ. ಹೊಸ ಪ್ಯಾಕೆಟ್ ಒಡೆದ ಕಾರ್ಡನ್ನೂ ನೋಡಿ, ಒರೆಸಿ, ಮತ್ತೆ ನೋಡಿನೇ ಹಾಕ್ಬೇಕು.

ಒರೆಸೋಕೆ ಪೆನ್ ಥರದ ಒನ್ ಕ್ಲಿಕ್ ಕ್ಲೀನರ್ ಸಾಕಾಗತ್ತೆ, ಜಿಡ್ಡಿದ್ರೆ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲನ್ನ ಎಳೆ ಬಿಡದ ವೈಪ್ ಮೇಲೆ ಒಂದು ಹನಿ ಹಾಕಿ, ಒದ್ದೆಯಿಂದ ಒಣ ಜಾಗಕ್ಕೆ ಒಂದೇ ದಿಕ್ಕಲ್ಲಿ ಎಳೀಬೇಕು. ಅಂಗಿ ಅಂಚಲ್ಲಿ ಒರೆಸೋದು, ಉಫ್ ಅಂತ ಊದೋದು ಬೇಡ. ಕೊರೋನಾ ಆದ್ಮೇಲೆ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಒರೆಸೋ ಅಭ್ಯಾಸ ತುಂಬಾ ಜನಕ್ಕೆ ಬಂದಿದೆ, ಅದ್ರಲ್ಲಿ ನೀರು, ಗ್ಲಿಸರಿನ್ ಎಲ್ಲಾ ಇರತ್ತೆ, ಒಣಗಿದ ಮೇಲೆ ಪದರ ಉಳಿಯತ್ತೆ, ದಯವಿಟ್ಟು ಬಳಸ್ಬೇಡಿ. ಇನ್ನೊಂದು, ಲೈವ್ ಕಾರ್ಡಿನ ತುದೀನ ಕಣ್ಣಿಗೆ ಹಿಡಿದು ಬೆಳಕು ಬರ್ತಿದ್ಯಾ ಅಂತ ನೋಡೋ ಹುಡುಗ್ರಿದ್ದಾರೆ. 1310 ಆಗ್ಲಿ 1550 ಆಗ್ಲಿ ಕಣ್ಣಿಗೆ ಕಾಣೋದೇ ಇಲ್ಲ, ನೋಡಿ ತಿಳಿಯೋದು ಏನೂ ಇಲ್ಲ, ಕಣ್ಣಿಗೆ ಅಪಾಯ ಮಾತ್ರ ಇದೆ. ನೇರವಾಗಿ ಕಣ್ಣಿಟ್ಟು ನೋಡೋ ಹಳೇ ಮೈಕ್ರೋಸ್ಕೋಪನ್ನಂತೂ ಲೈವ್ ಫೈಬರಿಗೆ ಯಾವತ್ತೂ ಹಾಕ್ಬಾರ್ದು.

ಕ್ಲೀನ್ ಆದ್ಮೇಲೆ ಬಹುಪಾಲು ಕಾರ್ಡ್ 0.2, 0.3ಕ್ಕೆ ಬಂದ್ವು. ಉಳಿದವನ್ನ ಹಿಡಿದು ಪ್ಲಗ್ ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿ ಮೀಟರ್ ನೋಡ್ದೆ. ಒಂದು 1310ರಲ್ಲಿ 0.3 ತೋರಿಸ್ತಾ 1550ರಲ್ಲಿ 2.1 ತೋರಿಸ್ತು, ಅದು ಹಿಂದೆ ಕೇಬಲ್ ಟೈ ಹಾಕಿ ಬಿಗಿದಿದ್ದ ಜಾಗದಲ್ಲಿ ಒಳಗೆ ನಜ್ಜಾಗಿತ್ತು. ಒಂದರ ಫೆರುಲ್ (ಪ್ಲಗ್ ತುದಿಯ ಬಿಳಿ ಕೊಳವೆ) ಮೇಲಿನ ಗೀರು ಬೆಳಕಿನ ದಾರಿ ಮೇಲೇ ಹಾದಿತ್ತು, ಎಷ್ಟು ಒರೆಸಿದ್ರೂ ಹೋಗಲ್ಲ. ಇಂಥವನ್ನ ಮಧ್ಯ ಕತ್ತರಿಸಿ ಬಿಸಾಕಿದ್ವಿ, ಕತ್ತರಿಸ್ದೆ ಇಟ್ರೆ ಅರ್ಜೆಂಟಲ್ಲಿ ಯಾರೋ ತಗೊಂಡು ಹೋಗಿ ರ‍್ಯಾಕಿಗೆ ಹಾಕ್ತಾರೆ. ಒಳ್ಳೇದಕ್ಕೆಲ್ಲ ಬಿಳಿ ಟೇಪ್ ಮೇಲೆ ಎರಡೂ ವೇವ್‌ಲೆಂತ್ ರೀಡಿಂಗ್ ಬರೆದು ಅಂಟಿಸಿದ್ವಿ.

ಈಗ ಲಿಂಕ್. ವಾಟ್ಸಾಪ್ ಗ್ರೂಪಲ್ಲಿ ಮೊದಲೇ ಹೇಳಿ, ಬೆಳಿಗ್ಗೆ ಬೇಗ, ಮಕ್ಕಳು ಸ್ಕೂಲಿಗೆ ಹೋಗೋ ಮುಂಚೆ ಟ್ರಾಫಿಕ್ ನಿಲ್ಲಿಸಿದ್ವಿ. ಹುಡುಗ ಆಫೀಸಲ್ಲಿ ಲೈಟ್ ಸೋರ್ಸ್ ಹಿಡ್ಕೊಂಡು ಕೂತ, ನಾನು ಮೀಟರ್ ತಗೊಂಡು ತೋಟದ ಕಡೆ ರೂಮಿಗೆ ಹೋದೆ. ಅಂಗಡಿ ಹಿಂದಿನ ಚಿಕ್ಕ ಕೋಣೆ ಅದು, ಅಂಗಡಿ ಅಕ್ಕ ಬೀಗ ತೆಗೆದು "ಇವತ್ತಾದ್ರೂ ಸರಿ ಮಾಡಿ ಹೋಗಿ ಮಾರಾಯ್ರೆ" ಅಂದ್ರು. ಎಸ್‌ಎಫ್‌ಪಿ ತೋರ್ಸೋ ರೀಡಿಂಗನ್ನ ದಶಮಾಂಶಕ್ಕೆ ನಂಬೋ ಹಾಗಿಲ್ಲ, ಅದು 3 ಡಿಬಿ ತನಕ ಆಚೀಚೆ ಇದ್ರೂ ಸ್ಟ್ಯಾಂಡರ್ಡ್ ಒಪ್ಪತ್ತೆ, ಹಾಗಾಗಿ ಕಾರ್ಡ್ ತುದಿಯಲ್ಲೇ ಮೀಟರ್ ಹಿಡಿದೆ. ಮೈನಸ್ 19.8 ಬಂತು. ಆಫೀಸ್ ಕಾರ್ಡ್ ತುದಿಯಲ್ಲಿ ಹೊರಡೋ ಪವರ್ ಮೈನಸ್ 5.2 ಅಂತ ಮೊದಲೇ ಅಳೆದಿದ್ದೆ, ಅಲ್ಲಿಗೆ 14.6 ಡಿಬಿ ಎಲ್ಲೋ ಹೋಗ್ತಿದೆ. 1310ಕ್ಕೆ ಈ ಕಡೆಯಿಂದ ಹೊರಡೋದು ಮೈನಸ್ 5.6, ಆಫೀಸಿಗೆ ಮುಟ್ಟೋದು ಮೈನಸ್ 14.2, ಹೋಗ್ತಿರೋದು 8.6.

ಆಮೇಲೆ ಎರಡೂ ಕಡೆ ರ‍್ಯಾಕಿನ ಕಾರ್ಡ್‌ಗಳನ್ನ ತೆಗ್ದು, ನಾವು ಪಾಸ್ ಮಾಡಿದ ಕಾರ್ಡ್‌ಗಳಿಂದ ಎಫ್‌ಎಂಎಸ್‌ಇಂದ ಎಫ್‌ಎಂಎಸ್‌ಗೆ ಅಳೆದ್ವಿ. 1310ರಲ್ಲಿ 4.9, 1550ರಲ್ಲಿ 10.8. ಮೊದಲು ಅಳೆದ 8.6, 14.6ರಿಂದ ಇದನ್ನ ಕಳೀರಿ, ಎರಡು ವೇವ್‌ಲೆಂತಲ್ಲೂ ಸುಮಾರು 3.7, 3.8 ಡಿಬಿ ಉಳಿಯತ್ತೆ. ಅದು ಬರೀ ತುದಿಯ ಕಾರ್ಡ್ ತಿಂತಿದ್ದಿದ್ದು. ಎಂಟೂವರೆ ಕಿಲೋಮೀಟರ್ ಗಾಜು 1310ರಲ್ಲಿ 3 ಡಿಬಿ ತಗೊಳತ್ತೆ, ಒಂದು ಮೀಟರಿನ ಕಾರ್ಡ್ ಅದಕ್ಕಿಂತ ಜಾಸ್ತಿ ತಗೋತಿದೆ.

ತೆಗೆದಿಟ್ಟಿದ್ದ ತೋಟದ ಕಡೆ ಕಾರ್ಡನ್ನ ನೋಡಿದ್ರೆ ಪ್ಲಗ್ ಹಸಿರು. ಎಫ್‌ಎಂಎಸ್ ಅಡಾಪ್ಟರ್ ನೀಲಿ. ನೀಲಿ ಅಂದ್ರೆ ಯುಪಿಸಿ, ತುದಿ ನೇರ ಪಾಲಿಶ್ ಆಗಿರತ್ತೆ, ಹಸಿರು ಅಂದ್ರೆ ಎಪಿಸಿ, ತುದಿ 8 ಡಿಗ್ರಿ ಓರೆ ಇರತ್ತೆ, ವಾಪಸ್ ಬರೋ ಪ್ರತಿಫಲನ ಕಮ್ಮಿ ಆಗ್ಲಿ ಅಂತ. ಆಕಾರ ಒಂದೇ ಆದ್ರಿಂದ ಟಕ್ ಅಂತ ಕೂತ್ಕೊಳತ್ತೆ, ಆದ್ರೆ ಒಳಗೆ ಓರೆ ತುದಿ ನೇರ ತುದಿಗೆ ಪೂರ್ತಿ ತಾಗಲ್ಲ, ಮಧ್ಯ ಗಾಳಿ ಸಂದು ಉಳಿಯತ್ತೆ, ಬೆಳಕು ಒಂದಿಷ್ಟು ಹೊರಗೆ ಹೋಗತ್ತೆ, ಒಂದಿಷ್ಟು ವಾಪಸ್ ಬರತ್ತೆ. ಲಿಂಕ್ ಮಾತ್ರ ಅಪ್ ಇರತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಮನೆಗಳಿಗೆ ಕೊಡೋ ಫೈಬರಲ್ಲಿ ಹಸಿರು ಪ್ಲಗ್ ಜಾಸ್ತಿ ಓಡೋದ್ರಿಂದ ಅಂಥ ಕಾರ್ಡ್ ಎಲ್ಲರ ಬ್ಯಾಗಲ್ಲೂ ಇರತ್ತೆ. ಬಣ್ಣ ಬೇರೆ ಇದ್ರೆ ಜೋಡಿಸ್ಬಾರ್ದು, ಇದಕ್ಕೆ ವಿನಾಯಿತಿ ಇಲ್ಲ. ಎಪಿಸಿ ತುದಿ ಒತ್ತಿ ಕೂತಿದ್ದ ಎಫ್‌ಎಂಎಸ್ ಒಳಗಿನ ಪ್ಲಗ್ಗನ್ನೂ ತೆಗೆದು ನೋಡ್ದೆ, ಗೀರಿರ್ಲಿಲ್ಲ, ಒರೆಸಿ ಹಾಕ್ದೆ. ಎರಡೂ ಕಡೆ ನೀಲಿ ಇರೋ ಕಾರ್ಡ್ ಹಾಕಿದ ತಕ್ಷಣ ತೋಟದ ಕಡೆ ಮೈನಸ್ 16ಕ್ಕೆ ಬಂತು.

ಇಷ್ಟಕ್ಕೆ ಲಿಂಕ್ ಬೀಳೋದು ನಿಂತೇ ಹೋಗ್ತಿತ್ತು ಅನ್ಸತ್ತೆ, ಆದ್ರೆ 1550ರಲ್ಲಿ ಇನ್ನೂ 8 ಡಿಬಿ ಲೆಕ್ಕಕ್ಕಿಂತ ಜಾಸ್ತಿ ಇದೆ, ಅದೂ ಗಾಳಿಗೆ ಏರುಪೇರಾಗತ್ತೆ ಅಂದ್ರೆ ಎಲ್ಲೋ ಫೈಬರ್ ಅಲ್ಲಾಡ್ತಿದೆ, ಈ ಪುನರ್ವಸು ಮಳೆ ಮುಗಿಯೋದ್ರೊಳಗೆ ಇನ್ನೂ ಬಿಗಿಯಾಗಿ ಮುರಿದ್ರೂ ಮುರೀಬಹುದು. ಹುಡುಗ "ಕಿತ್ತಳೆ ಕೋರಿಗೆ ಹಾಕ್ಬಿಡೋಣ ಅಣ್ಣ, ಅದು ಖಾಲಿನೇ ಇದ್ಯಲ್ಲ" ಅಂದ. ಒಳ್ಳೇ ಯೋಚನೆ, ಅಳೆದು ನೋಡಿದ್ವಿ. ಕಿತ್ತಳೆ 1310ರಲ್ಲಿ 4.1, 1550ರಲ್ಲಿ 5.1. ಅದಕ್ಕೂ ಅದೇ ರೋಗ, ಸ್ವಲ್ಪ ಕಮ್ಮಿ ಅಷ್ಟೇ. ಒಂದಕ್ಕಿಂತ ಜಾಸ್ತಿ ಕೋರಲ್ಲಿ ಬೆಂಡ್ ಲಾಸ್ ಇದೆ ಅಂದ್ರೆ ಕೇಬಲ್ಲೇ ಎಲ್ಲೋ ನುಲಿದಿರ್ಬೇಕು ಇಲ್ಲಾ ಜಾಯಿಂಟ್ ಎನ್‌ಕ್ಲೋಜರ್ (ಜಾಯಿಂಟನ್ನ ಮುಚ್ಚಿಡೋ ಡಬ್ಬ) ಒಳಗೆ ಎಲ್ಲಾ ಒಟ್ಟಿಗೆ ಒತ್ತಿಕೊಂಡಿರ್ಬೇಕು.

ಯಾವ ದೂರದಲ್ಲಿ ಎಷ್ಟು ಲಾಸ್ ಅಂತ ಗ್ರಾಫಲ್ಲಿ ತೋರ್ಸೋ ಓಟಿಡಿಆರ್ ಮೆಷಿನ್ ಹಾಕಿದ್ವಿ, ಮುಂದೆ 500 ಮೀಟರ್ ಲಾಂಚ್ ಕೇಬಲ್ ಸೇರಿಸಿ. ಲಾಂಚ್ ಕೇಬಲ್ ಇಲ್ದೆ ಹಾಕಿದ್ರೆ ಮೊದಲ ಕನೆಕ್ಟರಿನ ಪ್ರತಿಫಲನಕ್ಕೆ ಡಿಟೆಕ್ಟರ್ ಕ್ಷಣ ಕಾಲ ಕುರುಡಾಗತ್ತೆ, ಎಫ್‌ಎಂಎಸ್ ಲಾಸ್ ಕಾಣೋದೇ ಇಲ್ಲ. ಓಟಿಡಿಆರ್ ಬೆಳಕಿನ ಪಲ್ಸ್ ಕಳಿಸಿ ವಾಪಸ್ ಬರೋ ಹೊತ್ತನ್ನ ಅಳೆಯತ್ತೆ, ಗಾಜಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡತ್ತೆ, ಅಂದ್ರೆ ಒಂದು ಕಿಲೋಮೀಟರ್ ಹೋಗಿ ಬರೋಕೆ 10 ಮೈಕ್ರೋಸೆಕೆಂಡ್. ಸೆಟ್ಟಿಂಗಲ್ಲಿ ರಿಫ್ರಾಕ್ಟಿವ್ ಇಂಡೆಕ್ಸ್ (ಗಾಜಲ್ಲಿ ಬೆಳಕು ಎಷ್ಟು ನಿಧಾನ ಅನ್ನೋ ನಂಬರ್) 1.468 ಇದ್ಯಾ ನೋಡ್ಕೊಳ್ಳಿ, ಅದು ತಪ್ಪಿದ್ರೆ ದೂರ ತಪ್ಪತ್ತೆ. ಎರಡೂ ವೇವ್‌ಲೆಂತ್ ಗ್ರಾಫನ್ನ ಒಂದರ ಮೇಲೊಂದು ಇಟ್ರೆ ಲಾಂಚ್ ಕಳೆದು 6.21 ಕಿಲೋಮೀಟರಲ್ಲಿ 1310 ಗೆರೆ 0.9 ಡಿಬಿ ಮೆಟ್ಟಿಲು ಇಳಿದಿತ್ತು, 1550 ಗೆರೆ ಅದೇ ಜಾಗದಲ್ಲಿ 8 ಡಿಬಿ ಧಡ್ ಅಂತ ಬಿದ್ದಿತ್ತು. ಬಾಕಿ ಗೆರೆ ಪೂರ್ತಿ ನೆಟ್ಟಗೆ, ಆ "ಹಳೇ ಕೇಬಲ್" ಒಂದು ಚೂರೂ ಕೆಟ್ಟಿರ್ಲಿಲ್ಲ.

6.21 ಅಂತ ಬಂತು ಅಂತ ಬೈಕ್ ಮೀಟರ್ ನೋಡ್ಕೊಂಡು 6.21ಕ್ಕೆ ಹೋಗಿ ನಿಂತ್ರೆ ಸಿಗಲ್ಲ. ಕಂಬದ ಮೇಲೆ ಸುತ್ತಿಟ್ಟ ಲೂಪ್, ಕೇಬಲಿನ ಜೋಲು, ಟ್ಯೂಬ್ ಒಳಗೆ ಫೈಬರಿಗಿರೋ ಹೆಚ್ಚಿನ ಉದ್ದ ಎಲ್ಲಾ ಸೇರಿ ಫೈಬರ್ ದೂರ ರಸ್ತೆ ದೂರಕ್ಕಿಂತ ಜಾಸ್ತಿನೇ ಇರತ್ತೆ. ನಾನು ಮಾಡೋದು, ಗ್ರಾಫಲ್ಲಿ ಗೊತ್ತಿರೋ ಜಾಯಿಂಟ್‌ಗಳನ್ನ ಗುರುತಾಗಿ ಹಿಡ್ಕೊಂಡು ಎಣಿಸೋದು. 2 ಕಿಲೋಮೀಟರ್ ಡ್ರಮ್ ಆದ್ರಿಂದ ಎರಡೆರಡು ಕಿಲೋಮೀಟರಿಗೆ ಜಾಯಿಂಟ್, ಇದು ಮೂರನೇದು. ಅದು ಒಂದು ತೋಟದ ಅಂಚಲ್ಲಿ, ಸಿಲ್ವರ್ ಮರಗಳ ಸಾಲಿನ ಪಕ್ಕದ ಕಂಬ, ಗಾಳಿಗೆ ಪೂರ್ತಿ ತೆರೆದಿರೋ ಜಾಗ.

ಲೈನ್‌ಮನ್ ಅಣ್ಣನಿಗೆ ಹೇಳಿ ಲೈನ್ ಆಫ್ ಮಾಡಿಸಿ, ಖಾತ್ರಿ ಮಾಡ್ಕೊಂಡ ಮೇಲೇ ಏಣಿ ಹಾಕಿದ್ದು. ಕಂಬದಲ್ಲಿ ಲೂಪ್ ಇದ್ದಿದ್ರಿಂದ ಎನ್‌ಕ್ಲೋಜರನ್ನ ಕೆಳಗೆ ಇಳಿಸಿ ಓಮ್ನಿ ಹಿಂದಿನ ಸೀಟಿಗೆ ತರೋಕಾಯ್ತು. ಮುಚ್ಚಳ ತೆಗೆದ್ರೆ ಒಳಗೆ ಇರುವೆ ಗೂಡು, ಮೂಲೇಲಿ ನೀರು. ಅದು ನೋಡೋಕೆ ಕೆಟ್ಟದಾಗಿದ್ರೂ ಲಾಸ್‌ಗೆ ಕಾರಣ ಅದಲ್ಲ. ಕೇಬಲ್ ಸಿಪ್ಪೆ ಒಳಗಿರೋ ಎಫ್‌ಆರ್‌ಪಿ (ಗಟ್ಟಿ ಪ್ಲಾಸ್ಟಿಕ್) ಕಡ್ಡಿಗಳನ್ನ ಎನ್‌ಕ್ಲೋಜರ್ ಒಳಗಿನ ಕ್ಲಾಂಪಿಗೆ ಕೊಟ್ಟು ಸ್ಕ್ರೂ ಬಿಗೀಬೇಕು, ಕೇಬಲನ್ನ ಜಗ್ಗಿದ್ರೂ ತಳ್ಳಿದ್ರೂ ಅದು ತಡೆಯೋಕೆ. ಇಲ್ಲಿ ಕಡ್ಡಿನ ಬುಡಕ್ಕೇ ಕತ್ತರಿಸಿ ಬರೀ ಸಿಪ್ಪೆ ಮೇಲೆ ಟೇಪ್ ಸುತ್ತಿತ್ತು. ಗಾಳಿಗೆ ಕೇಬಲ್ ತೂಗಿದಾಗೆಲ್ಲ ಫೈಬರ್ ಇರೋ ಟ್ಯೂಬು ಎನ್‌ಕ್ಲೋಜರ್ ಒಳಗೆ ಸ್ವಲ್ಪ ಸ್ವಲ್ಪ ನುಗ್ಗಿ, ಫೈಬರ್ ಸುತ್ತಿಡೋ ಟ್ರೇ ಬಾಯಲ್ಲಿ ಟ್ಯೂಬ್ ಮಡಚಿ, ಫೈಬರ್ ಸುರುಳಿ ಟ್ರೇಯಿಂದ ಎದ್ದು ಮುಚ್ಚಳದ ಅಂಚಿಗೆ ಸಿಕ್ಕಿತ್ತು. ನೀಲಿ ಎಳೆ ಎಲ್ಲಕ್ಕಿಂತ ಮೇಲಿತ್ತು, ಬೆಂಡ್ ನೋಡಿದ್ರೆ ಹೆಬ್ಬೆರಳಿನ ಉಗುರಿಗಿಂತ ಸಣ್ಣ. ಗಾಳಿಗೆ 1550 ಕುಣೀತಿದ್ದಿದ್ದು ಇದಕ್ಕೇ.

ಬರೀ ಸುರುಳಿ ಸರಿ ಮಾಡಿ ಮುಚ್ಚಬಹುದಿತ್ತು, ಆದ್ರೆ ಮಡಚಿದ ಟ್ಯೂಬ್ ಜಾಗದಲ್ಲಿ ಫೈಬರ್ ಪೆಟ್ಟು ತಿಂದಿರತ್ತೆ, ಅಂಥದ್ದು ಮುಂದೆ ಬಿರುಕು ಬಿಡತ್ತೆ. ಆ ಕಡೆ ಕೇಬಲನ್ನ ಮಡಚಿದ ಜಾಗ ದಾಟೋ ತನಕ ಕತ್ತರಿಸಿ, ಹೊಸದಾಗಿ ಸಿಪ್ಪೆ ತೆಗ್ದು, ಎಫ್‌ಆರ್‌ಪಿ ಕಡ್ಡಿ ಉದ್ದ ಬಿಟ್ಟು ಕ್ಲಾಂಪಿಗೆ ಬಿಗ್ದು, ಆರೂ ಕೋರ್ ಮತ್ತೆ ಸ್ಪ್ಲೈಸ್ ಮಾಡಿದ್ವಿ, ಅಂದ್ರೆ ಕಿಡಿಯಿಂದ ಕರಗಿಸಿ ಬೆಸೆದ್ವಿ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಇದೇ ಕ್ರಮ. ಮೂಡಿಗೆರೆ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಮಳೆಗಾಲದಲ್ಲಿ ಗಾಳಿ ಪೂರ್ತಿ ತೇವ, ಸ್ಪ್ಲೈಸಿಂಗ್ ಮೆಷಿನ್ ಕಿಡಿಯ ಬಿಸಿ ಎರಡಕ್ಕೂ ಬದಲಾಗತ್ತೆ, ಹಾಗಾಗಿ ಶುರು ಮಾಡೋ ಮುಂಚೆ ಆರ್ಕ್ ಕ್ಯಾಲಿಬ್ರೇಶನ್ (ಕಿಡಿಯ ಬಿಸಿ ಹೊಂದಿಸೋದು) ಮಾಡ್ಲೇಬೇಕು, ಅದೇ ಜಾಗದಲ್ಲಿ, ಆಫೀಸಲ್ಲಿ ಮಾಡ್ಕೊಂಡು ಬಂದಿದ್ದು ನಡೆಯಲ್ಲ. ಜಾಯಿಂಟ್ ಕಾಯೋ ಸ್ಲೀವನ್ನ, ಫೈಬರ್ ಕೊಯ್ಯೋ ಮುಂಚೆನೇ, ಒಂದು ಎಳೆಗೆ ತೂರಿಸಿ ಇಟ್ಕೊಂಡು, ಸ್ಟ್ರಿಪ್ ಮಾಡಿ, ಒರೆಸಿ, ಕ್ಲೀವ್ (ತುದಿ ನೇರ ಕೊಯ್ಯೋದು) ಮಾಡಿ. ಕೊಯ್ದ ಕೋನ 1 ಡಿಗ್ರಿ ದಾಟಿದ್ರೆ ಮತ್ತೆ ಕೊಯ್ದೆ. ಗಾಜಿನ ಚೂರುಗಳನ್ನೆಲ್ಲ ಮುಚ್ಚಳ ಇರೋ ಬಾಟಲಿಗೆ ಹಾಕಿದ್ವಿ, ಸೀಟ್ ಮೇಲೆ ಒಂದು ಬಿದ್ರೂ ಚರ್ಮದೊಳಗೆ ಹೋದ್ಮೇಲೆ ಹುಡುಕೋಕಾಗಲ್ಲ, ಓಮ್ನಿಲಿ ಮಕ್ಕಳೂ ಕೂರ್ತಾರೆ.

ಮೆಷಿನ್ ಎಲ್ಲಾ ಕೋರಿಗೂ 0.01, 0.02 ತೋರಿಸ್ತು. ಅದು ಕ್ಯಾಮೆರಾದಲ್ಲಿ ನೋಡಿ ಮಾಡೋ ಅಂದಾಜು ಮಾತ್ರ, ನಿಜವಾದ ಲಾಸ್ ಓಟಿಡಿಆರ್ ಹೇಳ್ಬೇಕು. ಮುಚ್ಚೋ ಮುಂಚೆ ಆಫೀಸಲ್ಲಿದ್ದ ಹುಡುಗನಿಗೆ ಓಟಿಡಿಆರ್ ಹೊಡೆಯೋಕೆ ಹೇಳಿದ್ದೆ, ಸಿಗ್ನಲ್ ಸಿಗೋ ಏರಿಗೆ ನಡೆದು ಹೋಗಿ ಅವನು ಕಳಿಸಿದ ಫೋಟೋ ನೋಡ್ದೆ. ನೀಲಿಯಲ್ಲಿ ಆಫೀಸ್ ಕಡೆಯಿಂದ ಆ ಜಾಗದಲ್ಲಿ ಗೆರೆ 0.03 ಮೇಲಕ್ಕೆ ಹತ್ತಿತ್ತು. ಜಾಯಿಂಟಲ್ಲಿ ಬೆಳಕು ಹೆಚ್ಚಾಗೋಕೆ ಸಾಧ್ಯ ಇಲ್ಲ, ಎರಡು ಡ್ರಮ್ಮಿನ ಫೈಬರ್ ಸ್ವಲ್ಪ ಬೇರೆ ಇದ್ರೆ ವಾಪಸ್ ಚೆದುರೋ ಬೆಳಕು ಬೇರೆ ಆಗಿ ಹೀಗೆ ಕಾಣತ್ತೆ. ಆಮೇಲೆ ತೋಟದ ಕಡೆಯಿಂದ ಹೊಡೆದಾಗ 0.11 ಲಾಸ್ ಕಾಣ್ತು, ಎರಡನ್ನ ಸೇರಿಸಿ ಅರ್ಧ ಮಾಡಿದ್ರೆ 0.04, ಅದೇ ಸರಿಯಾದ ನಂಬರ್. ಒಂದೇ ಕಡೆಯಿಂದ ನೋಡಿ ಜಾಯಿಂಟ್ ಕೆಟ್ಟಿದೆ ಅಂತ ಮತ್ತೆ ಮತ್ತೆ ಕತ್ತರಿಸೋರನ್ನ ನೋಡಿದೀನಿ, ಪಾಪ ಅವರಿಗೆ ಯಾರೂ ಇದನ್ನ ಹೇಳಿಕೊಟ್ಟಿರಲ್ಲ.

ಎನ್‌ಕ್ಲೋಜರನ್ನ ಒಣಗಿಸಿ, ಹೊಸ ಸೀಲ್ ಹಾಕಿ, ಖಾಲಿ ತೂತಿಗೆಲ್ಲ ಪ್ಲಗ್ ಹೊಡೆದು, ಕೇಬಲ್ ಬಾಯಿ ಕೆಳಗೆ ಬರೋ ಹಾಗೆ ಕಂಬಕ್ಕೆ ಕಟ್ಟಿದ್ವಿ. ಬಾಯಿ ಮೇಲಿದ್ರೆ ಕೇಬಲ್ ಗುಂಟ ಇಳಿಯೋ ನೀರೆಲ್ಲ ಒಳಗೇ. ಆಮೇಲೆ 1550ರಲ್ಲಿ ಪವರ್ ಮೀಟರ್ ನೋಡ್ತಿರೋಕೆ ಹೇಳಿ ಕೇಬಲನ್ನ ಕೈಯಲ್ಲಿ ಚೆನ್ನಾಗಿ ಅಲ್ಲಾಡಿಸ್ದೆ, ರೀಡಿಂಗ್ 0.1 ಕೂಡ ಕದಲಲಿಲ್ಲ.

ಎಫ್‌ಎಂಎಸ್‌ಇಂದ ಎಫ್‌ಎಂಎಸ್‌ಗೆ ನೀಲಿ ಕೋರ್ ಈಗ 1310ರಲ್ಲಿ 4.0, 1550ರಲ್ಲಿ 2.8. ತೋಟದ ಕಡೆ ಮುಟ್ಟೋ ಪವರ್ ಮೈನಸ್ 8.1, ಆಫೀಸಿಗೆ ಮೈನಸ್ 9.7. ಇದನ್ನ ತಾರೀಖು ಸಮೇತ ಎರಡೂ ಎಫ್‌ಎಂಎಸ್ ಬಾಗಿಲ ಒಳಗೆ ಬರೆದು ಅಂಟಿಸಿದೀವಿ, ಮುಂದಿನ ಸಲ ಯಾರೇ ಬಂದ್ರೂ ಹೋಲಿಸಿ ನೋಡೋಕೆ. ಹಸಿರು ಕಾರ್ಡ್‌ಗಳನ್ನ ಬೇರೆ ಡಬ್ಬಕ್ಕೆ ಹಾಕಿ ಮೇಲೆ ದೊಡ್ಡದಾಗಿ ಎಪಿಸಿ ಅಂತ ಬರೆದಾಯ್ತು. ಬಾಕಿ ಇರೋದು ಉಳಿದ ಮೂರು ಎನ್‌ಕ್ಲೋಜರ್, ಗ್ರಾಫಲ್ಲಿ ಚೆನ್ನಾಗಿ ಕಾಣ್ತಿವೆ, ಆದ್ರೆ ಅವನ್ನೂ ಅದೇ ಕೈ ಕಟ್ಟಿರೋ ಹಾಗಿದೆ, ಮಳೆ ಸ್ವಲ್ಪ ಬಿಡುವು ಕೊಟ್ಟ ತಕ್ಷಣ ಒಂದೊಂದಾಗಿ ಇಳಿಸಿ ಕ್ಲಾಂಪ್ ಬಿಗಿದಿದ್ಯಾ ಅಂತ ನೋಡ್ತೀವಿ.